ವರ್ಷದ ಪಾಠ ಹಂಚಿಕೆ: ನಾಲ್ಕು ದಾರಿಗಳನ್ನು ತರಗತಿಯಲ್ಲಿ ನಡೆಸಿ ನೋಡಿದಾಗ

ಪ್ರಾಥಮಿಕ ತರಗತಿಯ ಟೀಚರ್‌ಗೆ ವರ್ಷದ ಶುರುವಿನಲ್ಲಿ ಎದುರಾಗುವ ದೊಡ್ಡ ಕೆಲಸ ಅಂದರೆ ಹಂಚಿಕೆ. ಭಾಷೆ, ಗಣಿತ, ವಿಜ್ಞಾನ, ಸಮಾಜ ಇಷ್ಟನ್ನೂ ಸಿಗುವ ವಾರಗಳಲ್ಲಿ ಹೇಗೆ ಕೂರಿಸುವುದು? ಮೂರನೇ ಮತ್ತು ನಾಲ್ಕನೇ ತರಗತಿಯ ಮಕ್ಕಳೊಂದಿಗೆ ನಾನು ನಾಲ್ಕು ದಾರಿಗಳನ್ನು ನಡೆಸಿ ನೋಡಿದ್ದೇನೆ.

ಒಂದು, ಪುಸ್ತಕದ ಸಾಲು ಹಿಡಿದು ಪಾಠದ ನಂತರ ಪಾಠ ಮುಗಿಸುವುದು. ಎರಡು, ಬ್ಲಾಕ್: ಒಂದೇ ವಿಷಯವನ್ನು ಮೂರು-ನಾಲ್ಕು ವಾರ ದಿನವೂ ದೊಡ್ಡ ಅವಧಿಯಲ್ಲಿ ಮಾಡಿ, ಆಮೇಲೆ ಇನ್ನೊಂದಕ್ಕೆ ಹೋಗುವುದು. ಮೂರು, ಥೀಮ್: ನೀರು ಅಂತಲೋ ಪ್ರಯಾಣ ಅಂತಲೋ ಒಂದು ಎಳೆ ಹಿಡಿದು ಎಲ್ಲ ವಿಷಯಗಳನ್ನೂ ಅದಕ್ಕೆ ಪೋಣಿಸುವುದು. ನಾಲ್ಕು, ಸುರುಳಿ: ಒಂದೇ ಕಲಿಕೆಗೆ ವರ್ಷದಲ್ಲಿ ಹಲವು ಸಲ, ಪ್ರತಿ ಸಲ ಸ್ವಲ್ಪ ಆಳಕ್ಕೆ, ಮರಳಿ ಬರುವುದು.

ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಒಟ್ಟಾರೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಗಣಿತಕ್ಕೆ ಕೇಳಿ, ಓದಿಗೆ ಬೇರೆ ಕೇಳಿ, ವಿಜ್ಞಾನಕ್ಕೆ ಮತ್ತೆ ಬೇರೆ ಕೇಳಿ. ಉತ್ತರಗಳು ಬದಲಾಗುತ್ತವೆ.

ಗಣಿತದಿಂದಲೇ ಶುರು ಮಾಡೋಣ. ಯೋಜನೆಯ ಗುಣದೋಷ ಎದ್ದು ಕಾಣುವುದು ಅಲ್ಲೇ.

ಪುಸ್ತಕದ ಸಾಲಿನಲ್ಲಿ ಸ್ಥಾನಬೆಲೆ, ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ ಅಂತ ಕ್ರಮವಾಗಿ ಹೋಗುತ್ತೇವೆ. ಈ ಕ್ರಮದಲ್ಲಿ ಅರ್ಥ ಇದೆ. ಸ್ಥಾನಬೆಲೆ ಗಟ್ಟಿಯಾಗದೆ ದಶಕ ಎರವಲು ಪಡೆಯುವ ಕಳೆಯುವ ಲೆಕ್ಕ ಬರುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಕಳೆಯುವ ಪಾಠದಲ್ಲಿ ಇರುವುದೆಲ್ಲ ಕಳೆಯುವ ಲೆಕ್ಕ. ಮಗು ಪ್ರಶ್ನೆ ಓದಬೇಕಾಗಿಯೇ ಇಲ್ಲ, ಎರಡು ಸಂಖ್ಯೆ ಹುಡುಕಿ ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಮುಗಿಯಿತು. ಇಲ್ಲಿ ಏನು ಮಾಡಬೇಕು ಅನ್ನುವ ನಿರ್ಧಾರವನ್ನು ಪಾಠದ ಹೆಸರೇ ಮಾಡಿಬಿಟ್ಟಿರುತ್ತದೆ. ಇನ್ನೊಂದು ತೊಂದರೆ, ಕಷ್ಟದ ಪಾಠಗಳು ಕೊನೆಗೆ ಉಳಿಯುತ್ತವೆ. ನನ್ನ ತರಗತಿಗಳಲ್ಲಿ ಭಿನ್ನರಾಶಿ ಪ್ರತಿ ಸಲವೂ ಪೋರ್ಷನ್ ಮುಗಿಸುವ ಗಡಿಬಿಡಿಯ ವಾರಗಳಿಗೇ ಬೀಳುತ್ತಿತ್ತು. ಹೆಚ್ಚು ಸಮಯ ಬೇಕಾದ ಪಾಠಕ್ಕೆ ಎಲ್ಲಕ್ಕಿಂತ ಕಡಿಮೆ ಸಮಯ!

ಬ್ಲಾಕ್‌ನಲ್ಲಿ ಆ ಮೂರು ವಾರ ನಿಜಕ್ಕೂ ಚೆನ್ನಾಗಿರುತ್ತವೆ. ಗುಣಾಕಾರವನ್ನು ಸಾಲುಗಳಲ್ಲಿ ಜೋಡಿಸಿ, ಚೌಕದ ಹಾಳೆಯಲ್ಲಿ ಬಣ್ಣ ಹಚ್ಚಿ, ಮಗ್ಗಿಯೊಳಗಿನ ವಿನ್ಯಾಸ ಹುಡುಕಿ ನಿಧಾನವಾಗಿ ಮಾಡಬಹುದು. ಆದರೆ ಮುಂದಿನ ಬ್ಲಾಕ್ ಸಮಾಜದ್ದಾದರೆ, ಗಣಿತಕ್ಕೆ ಮರಳುವ ಹೊತ್ತಿಗೆ ಏಳು ಮತ್ತು ಎಂಟರ ಮಗ್ಗಿ ಅರ್ಧಕ್ಕರ್ಧ ಹೋಗಿರುತ್ತದೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಗಳು ಬ್ಲಾಕ್ ಪದ್ಧತಿಗೆ ಹೆಸರಾದವು. ಅಲ್ಲಿ ಕೂಡ ಗಣಿತ ಮತ್ತು ಭಾಷೆಗೆ ಬ್ಲಾಕ್‌ನ ಹೊರಗೆ ಅಭ್ಯಾಸದ ಪಿರಿಯಡ್ ಇಡುವ ರೂಢಿ ಇದೆ. ಬ್ಲಾಕ್ ನಡೆಸಿ ನೋಡಿದ ಮೇಲೆ ಅದರ ಕಾರಣ ನನಗೆ ಚೆನ್ನಾಗಿ ಅರ್ಥವಾಯಿತು.

ಥೀಮ್‌ಗೆ ಗಣಿತ ಅಷ್ಟಾಗಿ ಬಗ್ಗುವುದಿಲ್ಲ. ನೀರಿನ ಥೀಮ್‌ನಲ್ಲಿ ಲೀಟರ್, ಮಿಲಿಲೀಟರ್, ಸ್ತಂಭ ನಕ್ಷೆ ತಾವಾಗಿಯೇ ಬರುತ್ತವೆ. ಶೇಷ ಉಳಿಯುವ ಭಾಗಾಕಾರವನ್ನು ಮಾತ್ರ ಎಳೆದು ತರಬೇಕು. ಪ್ರಾಣಿಗಳ ಥೀಮ್ ಅಂತ 48 ಜಿಂಕೆಗಳನ್ನು 5 ಗುಂಪು ಮಾಡಿಸಿದರೆ ಜಿಂಕೆಯ ಬಗ್ಗೆಯೂ ಏನೂ ಕಲಿತ ಹಾಗಾಗಲಿಲ್ಲ, ಭಾಗಾಕಾರದ ಬಗ್ಗೆಯೂ ಹೊಸದಾಗಿ ಏನೂ ಇಲ್ಲ.

ಗಣಿತದಲ್ಲಿ ಗೆದ್ದಿದ್ದು ಸುರುಳಿ. 1960ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಈ ವಿಚಾರವನ್ನು ಮುಂದಿಟ್ಟರು: ಮೂಲ ವಿಚಾರಗಳನ್ನು ಚಿಕ್ಕ ವಯಸ್ಸಿನಲ್ಲೇ ಸರಳವಾಗಿ ಪರಿಚಯಿಸಿ, ಮತ್ತೆ ಮತ್ತೆ ಮರಳುತ್ತಾ ಆಳ ಮಾಡಬೇಕು ಅಂತ. ಅವರು ಮಾತಾಡಿದ್ದು ಹಲವು ವರ್ಷಗಳ ಕಲಿಕೆಯ ಬಗ್ಗೆ. ನಾನು ಅದನ್ನು ಒಂದು ವರ್ಷದೊಳಗೆ ತಂದೆ. ಅರ್ಧ, ಕಾಲು ಅನ್ನುವುದನ್ನು ಮೊದಲ ತಿಂಗಳಲ್ಲೇ ಹಾಳೆ ಮಡಚಿ ತೋರಿಸುವುದು. ಗಡಿಯಾರದ ಪಾಠದಲ್ಲಿ ಕಾಲು ಗಂಟೆಯಾಗಿ ಮತ್ತೆ ಮುಟ್ಟುವುದು. ಅಳತೆಯ ಪಾಠದಲ್ಲಿ ಅರ್ಧ ಮೀಟರ್ ಆಗಿ ಇನ್ನೊಮ್ಮೆ. ಭಿನ್ನರಾಶಿಯ ಪಾಠ ಬರುವಷ್ಟರಲ್ಲಿ ಮಕ್ಕಳಿಗೆ ಅದು ಹಳೇ ಪರಿಚಯ.

ಜೊತೆಗೆ ವಾರದಲ್ಲಿ ಎರಡು ದಿನ ಹಳೆಯ ಪಾಠಗಳ ಲೆಕ್ಕಗಳನ್ನು ಕಲಸಿ ಕೊಡುತ್ತೇನೆ. ಕೂಡಬೇಕೋ ಗುಣಿಸಬೇಕೋ ಅಂತ ಮಗುವೇ ನಿರ್ಧರಿಸಬೇಕು. ಮೊದಲ ವಾರಗಳಲ್ಲಿ ಅಂಕಗಳು ಇಳಿಯುತ್ತವೆ, ಪೋಷಕರು ಬಂದು ಕೇಳುತ್ತಾರೆ. ಹೆದರಬೇಡಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ, ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ ಅಂತ ತೋರಿಸಿದ್ದರು. ಅದಕ್ಕೇ, ಮರೆಯುವಷ್ಟರಲ್ಲಿ ಮತ್ತೆ ಮುಟ್ಟುವ ಹಾಗೆ, ಒಂದೇ ದಿನ ಇಪ್ಪತ್ತು ಲೆಕ್ಕ ಮಾಡಿಸುವುದಕ್ಕಿಂತ ನಾಲ್ಕು ವಾರಕ್ಕೆ ಐದೈದು ಹಂಚುವುದು ಎಷ್ಟೋ ವಾಸಿ.

ಭಾಷೆಯಲ್ಲಿ ಬ್ಲಾಕ್ ಬೇಡವೇ ಬೇಡ. ಓದು ದಿನವೂ ನಡೆಯಬೇಕು, ಅದರಲ್ಲಿ ಚರ್ಚೆ ಇಲ್ಲ. ಪುಸ್ತಕದ ಸಾಲು ಮಾತ್ರ ಹಿಡಿದರೆ ಒಂದೇ ಪಾಠವನ್ನು ವಾರವಿಡೀ ಓದಿ, ಪ್ರಶ್ನೋತ್ತರ ಬರೆದು, ಮಗು ಒಟ್ಟು ಓದುವುದು ತುಂಬಾ ಕಡಿಮೆಯಾಗುತ್ತದೆ. ಇಲ್ಲಿ ಥೀಮ್‌ಗೆ ನನ್ನ ಪೂರ್ತಿ ಮತ. ನೀರಿನ ಬಗ್ಗೆ ವಿಜ್ಞಾನದಲ್ಲಿ ಕಲಿತ ಮಗು ನದಿಯ ಕಥೆಯನ್ನು ಬೇರೆಯೇ ತರಹ ಓದುತ್ತದೆ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕರು ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಮಕ್ಕಳಿಂದ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದರು. ಅಂದರೆ ವಿಜ್ಞಾನ, ಸಮಾಜದ ಪಿರಿಯಡ್ ಕಿತ್ತು ಓದಿಗೆ ಕೊಟ್ಟರೆ ಓದಿಗೇ ನಷ್ಟ, ಅಲ್ವಾ?

ವಿಜ್ಞಾನ ಮತ್ತು ಸಮಾಜದಲ್ಲಿ ಬ್ಲಾಕ್ ಮಿಂಚುತ್ತದೆ. ವಾರಕ್ಕೆ ಎರಡೇ ಪಿರಿಯಡ್ ಇದ್ದರೆ ಬೀಜ ಮೊಳೆತಿದ್ದನ್ನು ಮಕ್ಕಳು ನೋಡುವಷ್ಟರಲ್ಲಿ ಸಸಿ ಬಾಡಿರುತ್ತದೆ. ದಿನವೂ ಪಿರಿಯಡ್ ಇದ್ದರೆ ಬೇರು ಮೊದಲು ಬಂದಿದ್ದು, ಆಮೇಲೆ ಚಿಗುರು ಬಂದಿದ್ದು ಎಲ್ಲವನ್ನೂ ಬರೆದಿಡಬಹುದು. ಚಂದ್ರನ ಆಕಾರ ಒಂದು ಸುತ್ತು ಮುಗಿಸಲು ಸುಮಾರು 29 ಮತ್ತು ಅರ್ಧ ದಿನ ಬೇಕು. ನಾಲ್ಕು ವಾರದ ಬ್ಲಾಕ್‌ಗೆ ಇದಕ್ಕಿಂತ ಒಪ್ಪುವ ಪಾಠ ಇನ್ನೊಂದಿಲ್ಲ. ಬ್ಲಾಕ್‌ಗೆ ಸಿಗದ ಒಂದೇ ಸಂಗತಿ ಋತುಗಳು. ಅದಕ್ಕೆ ತಿಂಗಳಿಗೊಮ್ಮೆ ಒಂದೇ ಹೊತ್ತಿಗೆ ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯಿಸುತ್ತೇನೆ. ವರ್ಷದ ಕೊನೆಗೆ ಆ ಅಳತೆಗಳೇ ಗಣಿತದ ನಕ್ಷೆಯಾಗುತ್ತವೆ.

ಉಳಿದ ಲೆಕ್ಕಾಚಾರ ಬೇಗ ಹೇಳಿಬಿಡುತ್ತೇನೆ. ಜ್ವರ ಬಂದು ಒಂದು ವಾರ ರಜೆ ಹಾಕಿದ ಮಗುವಿಗೆ ಜಾಸ್ತಿ ಹೊಡೆತ ಬೀಳುವುದು ಬ್ಲಾಕ್‌ನಲ್ಲಿ, ಕಡಿಮೆ ಸುರುಳಿಯಲ್ಲಿ. ಬದಲಿ ಟೀಚರ್ ಬಂದರೆ ಪುಸ್ತಕದ ಸಾಲು ಸುಲಭ. ತಯಾರಿಯ ಭಾರ ಥೀಮ್‌ಗೆ ಹೆಚ್ಚು. ಅದಕ್ಕೇ ವರ್ಷಕ್ಕೆ ಮೂರು-ನಾಲ್ಕು ಥೀಮ್ ಸಾಕು.

ಈಗ ನನ್ನ ಹಾಳೆ ಹೀಗಿರುತ್ತದೆ. ಮೊದಲು ರಜೆ, ಪರೀಕ್ಷೆ, ಶಾಲೆಯ ಕಾರ್ಯಕ್ರಮಗಳನ್ನು ತುಂಬುತ್ತೇನೆ. ಪ್ರತಿ ಐದಾರು ವಾರಕ್ಕೆ ಒಂದು ವಾರ ಖಾಲಿ ಬಿಡುತ್ತೇನೆ. ಅದು ತಾನಾಗಿಯೇ ತುಂಬಿಕೊಳ್ಳುತ್ತದೆ. ಬೆಳಗ್ಗೆ ಓದು ಮತ್ತು ಗಣಿತ, ದಿನವೂ. ಮಧ್ಯಾಹ್ನದ ಒಂದೇ ಅವಧಿಯಲ್ಲಿ ವಿಜ್ಞಾನ ಮತ್ತು ಸಮಾಜ ಸರದಿಯಂತೆ ಬ್ಲಾಕ್ ಆಗಿ ಬರುತ್ತವೆ. ಆಯಾ ಬ್ಲಾಕ್‌ಗೆ ಹೊಂದುವ ಕಥೆ, ಪದ್ಯ, ಬರವಣಿಗೆ ಭಾಷೆಗೆ. ಭಿನ್ನರಾಶಿಯ ಮುಖ್ಯ ಪಾಠ ಅರ್ಧ ವರ್ಷದೊಳಗೆ.

ಪಾಠಗಳ ಕ್ರಮವನ್ನು ಶಾಲೆಯೇ ನಿಗದಿ ಮಾಡಿದ್ದರೆ ಇಷ್ಟೆಲ್ಲ ಬದಲಿಸಲು ಆಗುವುದಿಲ್ಲ. ಆಗ ಗಣಿತದ ಪಿರಿಯಡ್‌ನ ಮೊದಲ ಹತ್ತು ನಿಮಿಷ ಮಾತ್ರ ತೆಗೆದುಕೊಳ್ಳಿ. ನಿನ್ನೆಯ ಒಂದು ಲೆಕ್ಕ, ಹೋದ ವಾರದ ಒಂದು, ಹೋದ ತಿಂಗಳ ಒಂದು. ಬೋರ್ಡ್ ಮೇಲೆ ಬರೆಯಿರಿ, ಪಾಠದ ಹೆಸರು ಬರೆಯಬೇಡಿ.