ಸಿದ್ಧೇಶ್ವರ ಜಾತ್ರೆಯ ದನದ ಪೇಟೆ: ಬೀಜದ ಹೋರಿ ಕೊಳ್ಳಲು ಎಷ್ಟು ಸರಿ?

ಸಂಕ್ರಾಂತಿ ಹೊತ್ತಿಗೆ ವಿಜಯಪುರದಲ್ಲಿ ಸೇರುವ ಈ ಪೇಟೆ ಖಿಲಾರಿ ಎತ್ತು ಕೊಳ್ಳಲು ಒಳ್ಳೆಯ ಜಾಗ. ಜೋಡಿ ಹೊಂದಿಸಿ ನೋಡಬಹುದು, ನಡೆಸಿ ನೋಡಬಹುದು, ಹತ್ತು ಕಡೆ ಬೆಲೆ ಕೇಳಬಹುದು. ಆದರೆ ಆಕಳಿಗೆ ಬಿಡಲು ಬೀಜದ ಹೋರಿ ಹುಡುಕುವವರು ಇಲ್ಲಿನ ಬೆಲೆಯನ್ನು ನಂಬಬಾರದು.

ಬಣ್ಣ, ಕೋಡು, ಇಣಿ, ಹಲ್ಲು ನೋಡಿ ಬೆಲೆ ಏರುತ್ತದೆ. ಸುಳಿ ನೋಡಿ ಇಳಿಯುತ್ತದೆ. ಸುಳಿ ಬರೀ ಕೂದಲು ತಿರುಗಿದ ಗುರುತು. ಅದರಿಂದ ಹುಟ್ಟುವ ಕರುವಿಗೆ ಏನೂ ಆಗದು. ಸುಳಿ ಕೆಟ್ಟದ್ದೆಂದು ಬೆಲೆ ಮುರಿದ ಗಟ್ಟಿ ಹೋರಿ ಸಿಕ್ಕರೆ ಧೈರ್ಯವಾಗಿ ಹಿಡಿಯಿರಿ. ಅದೇ ಹೊತ್ತಿಗೆ ಒಂದು ಬೀಜ ಹೊಟ್ಟೆಯಲ್ಲೇ ಉಳಿದ ಹೋರಿ ಪೂರ್ತಿ ಬೆಲೆಗೆ ಹೋಗಿಬಿಡಬಹುದು, ಯಾಕೆಂದರೆ ಕೈ ಹಾಕಿ ನೋಡುವವರು ಕಡಿಮೆ.

ನೋಡುವುದು ಹೀಗೆ. ಬೆಳಗಿನ ಚಳಿಗೆ ಬೀಜ ಮೇಲೆ ಸೆಳೆದುಕೊಂಡಿರುತ್ತವೆ, ಹಾಗಾಗಿ ಬಿಸಿಲೇರಿದ ಮೇಲೆ ಹೋಗಿ. ಹೋರಿಯನ್ನು ಗಟ್ಟಿಯಾಗಿ ಕಟ್ಟಿಸಿ, ಹಿಂದಿನಿಂದ ಚೀಲದ ಮೇಲ್ಭಾಗ ಹಿಡಿದು ಎರಡನ್ನೂ ಕೆಳಗೆ ಒತ್ತಿ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ, ಗಟ್ಟಿ, ಚೀಲದೊಳಗೆ ಸಲೀಸಾಗಿ ಜಾರಬೇಕು. ಒಂದೇ ಸಿಕ್ಕರೆ ಮಾರುವವರು "ಗಬ್ಬ ಕಟ್ಟುತ್ತದೆ" ಎನ್ನುತ್ತಾರೆ. ಅದು ನಿಜ. ಆದರೆ ದೋಷ ಗಂಡುಕರುಗಳಿಗೆ ಇಳಿಯಬಲ್ಲದು, ಹೆಣ್ಣುಕರುಗಳು ಕಾಣದಂತೆ ಹೊತ್ತು ಮುಂದಕ್ಕೆ ಒಯ್ಯುತ್ತವೆ. ಅಂಥದ್ದಕ್ಕೆ ಬೀಜದ ಹೋರಿಯ ಬೆಲೆ ಕೊಡಲೇಬೇಡಿ, ಉಳುವ ಎತ್ತಿನ ಲೆಕ್ಕ ಹಾಕಿ.

ಹೊಕ್ಕುಳಲ್ಲಿ ಒತ್ತಿದರೆ ಒಳಹೋಗುವ ಉಬ್ಬು ಇದ್ದರೆ ಅದು ಹೊಕ್ಕುಳ ಹರ್ನಿಯಾ. ಅದನ್ನು ಹೊಲಿದು ಮುಚ್ಚಿದ ಕಲೆಯನ್ನೂ ಹುಡುಕಿ. ಕೆಳಗಿನ ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂಡಬೇಕು.

ಕೈಗೆ ಸಿಗದ ದೋಷವೇ ಹೆಚ್ಚು ನಷ್ಟದ್ದು. ಇಂಥ ದೋಷ ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕರುವಿನಲ್ಲಿ ಕಾಣುತ್ತದೆ. ಒಬ್ಬರಿಂದ ಮಾತ್ರ ಅದನ್ನು ಪಡೆದ ಹೋರಿ ಪೂರ್ತಿ ಆರೋಗ್ಯವಾಗಿರುತ್ತದೆ, ಅದರ ಕರುಗಳಲ್ಲಿ ಅರ್ಧದಷ್ಟು ಅದನ್ನು ಹೊರುತ್ತವೆ. ಅದೇ ಹೋರಿ ತನ್ನ ಹೆಣ್ಣುಕರುಗಳಿಗೇ ಹಾರಿದರೆ ಸರಾಸರಿ ಎಂಟರಲ್ಲಿ ಒಂದು ಕರು ದೋಷದಿಂದ ಹುಟ್ಟುತ್ತದೆ. ಹೋರಿ ಶುದ್ಧವೆಂದು ಶೇ. 95ರಷ್ಟು ಖಾತ್ರಿಯಾಗಲು ಇಂಥ ಜೋಡಿಯ 23 ಕರುಗಳು ಸತತವಾಗಿ ನೆಟ್ಟಗೆ ಹುಟ್ಟಬೇಕು. ಯಾವ ಊರಲ್ಲಿ ಅಷ್ಟು ಕಾಯುತ್ತಾರೆ? ಹೋರಿಯ ಮೊದಲ ಹೆಣ್ಣುಕರುಗಳು ಬೆದೆಗೆ ಬರುವ ಮುಂಚೆ ಅದನ್ನು ಬೇರೆ ಊರಿಗೆ ಮಾರಿ, ಅಥವಾ ಬದಲಿ ಮಾಡಿಕೊಳ್ಳಿ.

ಇಂಥ ಅಡಗಿದ ದೋಷ ಹಿಡಿಯುವ ಪರೀಕ್ಷೆ ಇದ್ದ ಕಡೆ ಬೆಲೆಯೂ ಬದಲಾಗುತ್ತದೆ. ಅಮೆರಿಕದ ಆಂಗಸ್ ತಳಿಯಲ್ಲಿ 2008ರಲ್ಲಿ ಕರು ಮುರುಟಿಕೊಂಡು ಸತ್ತೇ ಹುಟ್ಟುವ ದೋಷ ಗೊತ್ತಾದಾಗ, ಅದನ್ನು ಹೊತ್ತ ಹೋರಿಗಳ ಬೆಲೆ ಬಿತ್ತು; "ದೋಷವಿಲ್ಲ" ಎಂಬ ವರದಿಯೇ ಮಾರಾಟದ ಮಾತಾಯಿತು. ನಮ್ಮ ಪೇಟೆಯಲ್ಲಿ ಅಂಥ ಕಾಗದ ಕೇಳುವ ರೂಢಿ ಇನ್ನೂ ಬರಬೇಕು.

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳು ಸಾಕುವವರಿಗೆ ಹೋರಿಗಿಂತ 0.25 ಮಿ.ಲೀ. ವೀರ್ಯದ ಕಡ್ಡಿಯೇ ಮೇಲು. ಕೇಂದ್ರದ ಕನಿಷ್ಠ ಗುಣಮಟ್ಟದ ನಿಯಮದಂತೆ ಆ ಹೋರಿಗಳಿಗೆ ಬಿಎಲ್‌ಎಡಿ, ಸಿಟ್ರುಲಿನೀಮಿಯಾ, ಡಂಪ್ಸ್, ಫ್ಯಾಕ್ಟರ್ 11 ಕೊರತೆ ಎಂಬ ನಾಲ್ಕು ಅಡಗಿದ ದೋಷಗಳ ಪರೀಕ್ಷೆ ಆಗಿರಬೇಕು. ಕಡ್ಡಿಯ ಮೇಲಿನ ಹೋರಿ ಸಂಖ್ಯೆ ಬರೆದಿಡಿ. ಮುಂದಿನ ಸಲ ಆ ಹೋರಿಯ ಮಗಳಿಗೆ ಅದೇ ಸಂಖ್ಯೆ ಹಾಕಿಸಬಾರದು.

ಮಣಕ ಕೊಳ್ಳುವವರು ಒಂದು ಪ್ರಶ್ನೆ ಬಿಡಬೇಡಿ: ಗಂಡುಕರುವಿನ ಜೊತೆ ಅವಳಿಯಾಗಿ ಹುಟ್ಟಿದ್ದೇ? ಹೌದಾದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗೊಡ್ಡು.