ಅಲಗಿನ ಹೊಳಪು ಬಿಡಿ, ಮೊದಲು ಹಿಡಿಯ ಹಿಂಬದಿ ನೋಡಿ

ಕೊಂಬೆ ಸವರಲು, ಬೇಲಿ ಕಡಿಯಲು ಮೂತಿ ಬಾಗಿದ ಕತ್ತಿ ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ಅಂಗಡಿಯಿಂದ ತಂದ ಹೊಸ ಕತ್ತಿ. ಫಳಫಳ ಹೊಳೆಯುವ ಅಲಗು, ನುಣುಪಾದ ಮರದ ಹಿಡಿ, ಹಿಡಿಯ ಕೊರಳಿಗೆ ಹಿತ್ತಾಳೆಯ ಬಳೆ. ಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಓರೆಯಾಗಿ ಏಟು ಹಾಕುತ್ತಿದ್ದೆ. ಅಲಗು ಕಚ್ಚಿಕೊಂಡಿತು. ಎಳೆದು ಬಿಡಿಸಿ ಮತ್ತೆ ಬೀಸಿದೆ. ಏಟು ಬೀಳುವ ಮೊದಲೇ ಕೈ ಹಗುರವಾಯಿತು. ಕೈಯಲ್ಲಿ ಉಳಿದದ್ದು ಹಿಡಿ ಮಾತ್ರ. ಅಲಗು ಹಾರಿ, ಸೊಪ್ಪು ಆಯುತ್ತಿದ್ದ ತಮ್ಮನ ಕಾಲಿನ ಪಕ್ಕದಲ್ಲೇ ನೆಲಕ್ಕೆ ನಾಟಿತ್ತು. ಒಂದು ಗೇಣು ಆಚೀಚೆ ಆಗಿದ್ದರೆ? ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಲಗನ್ನು ಎತ್ತಿ ನೋಡಿದರೆ, ಹಿಡಿಯೊಳಗೆ ಕೂರುವ ಬಾಲ ನನ್ನ ಹೆಬ್ಬೆರಳಿನಷ್ಟೂ ಉದ್ದ ಇರಲಿಲ್ಲ. ತುದಿ ಚೂಪು. ಮೇಲೆಲ್ಲ ಪುಡಿಪುಡಿಯಾದ ಅಂಟು. ಇಡೀ ಕತ್ತಿ ನಿಂತಿದ್ದು ಆ ಅಂಟಿನ ಮೇಲೆ! ಬಳೆ ಅದನ್ನೆಲ್ಲ ಮುಚ್ಚಿತ್ತು. ವಾಪಸ್ ತೆಗೆದುಕೊಂಡು ಹೋದಾಗ ಅಂಗಡಿಯವರು, "ಅಂಟು ಹಾಕಿ ಮತ್ತೆ ಕೂರಿಸಿ ಕೊಡ್ತೀವಿ" ಅಂದರು. ಇದು ಸರಿಯಲ್ಲ. ಜೀವದ ಪ್ರಶ್ನೆ ಅಲ್ವಾ?

ಇಂಥ ಕತ್ತಿಯಲ್ಲಿ ನಾವು ಬರೀ ಕಡಿಯುವುದಿಲ್ಲ, ಎಳೆಯುತ್ತೇವೆ ಕೂಡ. ಕೊಕ್ಕನ್ನು ರೆಂಬೆಗೆ ಸಿಕ್ಕಿಸಿ ಸೆಳೆಯುತ್ತೇವೆ, ಮುಳ್ಳಿನ ಬಳ್ಳಿಯನ್ನು ಹತ್ತಿರಕ್ಕೆ ಜಗ್ಗಿ ಕೊಯ್ಯುತ್ತೇವೆ. ಹಾಗೆ ಎಳೆದಾಗಲೆಲ್ಲ ಅಲಗು ಹಿಡಿಯಿಂದ ಹೊರಕ್ಕೆ ಬರಲು ನೋಡುತ್ತದೆ. ಅದಕ್ಕೇ ಕೆಲಸ ಬಲ್ಲ ಕಮ್ಮಾರರು ಬಾಲವನ್ನು ಹಿಡಿಯ ಉದ್ದಕ್ಕೂ ತೂರಿಸಿ, ಹಿಂದಿನ ತುದಿಯಲ್ಲಿ ಮಡಚಿ ಬಡಿಯುತ್ತಾರೆ. ಇಲ್ಲವೇ ಅಗಲವಾದ ಬಾಲದ ಎರಡೂ ಪಕ್ಕಕ್ಕೆ ಮರ ಕೂರಿಸಿ ರಿವೆಟ್ ಹೊಡೆಯುತ್ತಾರೆ. ಕೊಳ್ಳುವಾಗ ಹಿಡಿಯನ್ನು ತಿರುಗಿಸಿ ನೋಡಿ. ಮಡಚಿದ ಕಬ್ಬಿಣವಾದರೂ ಕಾಣಬೇಕು, ರಿವೆಟ್ ಆದರೂ ಕಾಣಬೇಕು. ಎರಡೂ ಇಲ್ಲದಿದ್ದರೆ ಸುಮ್ನೆ ವಾಪಸ್ ಇಟ್ಟು ಬನ್ನಿ.

ಕತ್ತಿಯ ಬಾಯಿಯನ್ನೂ ನೋಡಿ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಗ್ರೈಂಡರಿಗೆ ಜಾಸ್ತಿ ಒತ್ತಿ ಕಾಯಿಸಿರುವ ಸಾಧ್ಯತೆ ಹೆಚ್ಚು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಾಗ ಆ ಬಣ್ಣ ಬರುತ್ತದೆ, ಬಾಯಿಯ ಹದ ಇಳಿದುಹೋಗುತ್ತದೆ. ಗಂಟು ಸಿಕ್ಕರೆ ಅಂಚು ಮಡಚಿಕೊಳ್ಳುತ್ತದೆ. ಮೊಂಡಾದ ಕತ್ತಿ ಕೊಂಬೆಯಿಂದ ಜಾರಿ ಕಾಲಿಗೆ ಬರುತ್ತದೆ. ಮನೆಯಲ್ಲಿ ಮಸೆಯಲು ನೀರು ಹಾಕಿದ ಮಸೆಗಲ್ಲೇ ಸಾಕು.

ಮನೆಯಲ್ಲಿ ಹಳೆಯ ಕತ್ತಿ ಇರುವವರಿಗೂ ಒಂದು ಮಾತು. ಮರ ಒಣಗಿದಂತೆ ಹಿಡಿ ಸಡಿಲವಾಗುತ್ತದೆ. ಕೆಲಸಕ್ಕೆ ಮೊದಲು ಅಲಗಿನ ಬೆನ್ನನ್ನು ದಿಮ್ಮಿಗೆ ಮೆಲ್ಲಗೆ ತಟ್ಟಿ ನೋಡಿ. ಹಿಡಿಯೊಳಗೆ ಕಟಕಟ ಅಂದರೆ ರಿಪೇರಿ ಆಗುವವರೆಗೂ ಅದನ್ನು ಬಳಸಬೇಡಿ. ಕತ್ತಿ ಬೀಸುವಾಗ ಎದುರಿಗಾಗಲಿ ಹಿಂದೆಯಾಗಲಿ ಯಾರನ್ನೂ ನಿಲ್ಲಿಸಬೇಡಿ. ಕಡಿಯುವುದು ಮುಗಿದು ಕತ್ತಿ ಕೆಳಗಿಟ್ಟ ಮೇಲೆ ಸೊಪ್ಪು ಆಯಲಿ.