ಶಿಂಷಾ ನದಿಯ ಹರಿವಿನಲ್ಲಿ ಗೆಂಡೆ ಮೀನಿಗೆ ಯಾವ ಗಾಳದ ಕೋಲು? ಮೀನು ಮುಟ್ಟಿದ್ದನ್ನು ತಿಳಿಸುವ ಗಂಟೆ ಬೇಕೇ, ಬೇಡವೇ?

ಹನ್ನೊಂದು ಅಡಿ ಉದ್ದದ, ತುದಿ ಮೆತ್ತಗಿರುವ, ಎರಡು ತುಂಡಿನ ಕೋಲು. ಹರಿಯುವ ನೀರಿನಲ್ಲಿ ಗೆಂಡೆಗೆ ಗಾಳ ಹಾಕುವವರು ಕೇಳಿದರೆ ನಾನು ಹೇಳುವುದು ಇದನ್ನೇ. ಇದು ಗೊತ್ತಾಗುವ ಮೊದಲು ಏಳು ಅಡಿಯ ಗಿಡ್ಡ ಕೋಲಿಗೆ, ಅದರ ಗಂಟೆಗೆ, ಆಮೇಲೆ ಬ್ಯಾಟರಿ ಅಲಾರಂಗೆ ಹಣ ಸುರಿದು ಒಂದು ಇಡೀ ಚಳಿಗಾಲ ಕಳೆದುಕೊಂಡೆ. ಬೇರೆಯವರದಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನ ಮನೆ ಕುಣಿಗಲ್‌ನಲ್ಲಿ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆ ಮಾರ್ಕೋನಹಳ್ಳಿ ಅಣೆಕಟ್ಟೆ ದಾಟಿ ಮಂಡ್ಯ ಜಿಲ್ಲೆಯ ಕಡೆ ಹೊರಳುವ ಹಾದಿಯಲ್ಲಿ ಒಂದು ಮಡುವಿದೆ. ಮೀನಿನ ಹಕ್ಕು ಪಡೆದವರನ್ನು ಕೇಳಿಕೊಂಡು ಅಲ್ಲಿ ಕೂರುತ್ತೇನೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಮಾರ್ಕೋನಹಳ್ಳಿಯಲ್ಲಿ ನೀರು ಪೂರ್ಣ ಮಟ್ಟ ಮುಟ್ಟಿದರೆ, ಹೆಚ್ಚಾದ ನೀರನ್ನು ಹೊರಬಿಡುವ ಸೈಫನ್‌ಗಳು ತಾವಾಗಿಯೇ ಹರಿಯಲು ಶುರುವಾಗುತ್ತವೆ, ಯಾರೂ ಗೇಟು ಎತ್ತಬೇಕಾಗಿಲ್ಲ. ಜಲಾಶಯ ತುಂಬುತ್ತಿರುವ ದಿನಗಳಲ್ಲಿ ಕೆಳಗಿನ ನದಿಪಾತ್ರಕ್ಕೆ ಇಳಿಯಲೇಬೇಡಿ.

ಬಿದಿರಿನ ಗಳು ಮತ್ತು ಜೋಳದ ದಂಟಿನ ಬೆಂಡು ಕೆರೆಗೆ ಚೆನ್ನ. ಹರಿವಿನಲ್ಲಿ ಬೆಂಡು ತೇಲುತ್ತಾ ಎರೆಯನ್ನೂ ಎಳೆದುಕೊಂಡು ಹೋಗುತ್ತದೆ. ಗೆಂಡೆ ತಳದಲ್ಲಿ ಮೇಯುವ ಮೀನು, ಎರೆ ತಳದಲ್ಲಿ ನಿಂತಿರಬೇಕು.

ಹಾಗೆಂದೇ ಸೀಸದ ಗುಂಡು ಕಟ್ಟಿ ಎಸೆಯಲು ಒಂದರೊಳಗೊಂದು ಸೇರುವ ಗಿಡ್ಡ ಕೋಲನ್ನು 900 ರೂಪಾಯಿಗೆ ತಂದೆ. ಚೀಲದಲ್ಲಿ ಹಿಡಿಸುತ್ತದೆ, ತುದಿಗೆ ಸಿಕ್ಕಿಸುವ ಪುಟ್ಟ ಗಂಟೆಯೂ ಜೊತೆಗೆ ಬಂತು. ತೊಂದರೆ ಆ ಗಂಟೆಯಿಂದಲೇ ಶುರುವಾಯಿತು. ಕವೆಗೋಲಿನ ಮೇಲೆ ಇಟ್ಟರೆ ಈ ಕೋಲಿನ ತುದಿ ನೀರಿನಿಂದ ಮೂರಡಿ ಮೇಲಕ್ಕೂ ಏಳುವುದಿಲ್ಲ. ಹೊರಗೆ ಹೋದ ದಾರದಲ್ಲಿ ಮುಕ್ಕಾಲು ಪಾಲು ನೀರಿನೊಳಗೇ ಇರುತ್ತದೆ. ಹರಿವು ಅದನ್ನು ಬಿಲ್ಲಿನಂತೆ ಬಾಗಿಸುತ್ತದೆ, ಗಂಟೆ ಬಾರಿಸುತ್ತದೆ. ಹೋಗಿ ನೋಡಿದರೆ ಏನೂ ಇಲ್ಲ. ಮತ್ತೆ ಬಾರಿಸುತ್ತದೆ, ಈ ಸಲ ದಾರಕ್ಕೆ ಒಂದು ಗೇಣುದ್ದದ ಪಾಚಿ ಜೋತುಬಿದ್ದಿರುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ದಾರದ ಮೇಲಿನ ಎಳೆತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹರಿವು ಸ್ವಲ್ಪ ಜೋರಾದರೂ ಗಂಟೆಗೆ ಬಿಡುವಿಲ್ಲ. ಗುಂಡು ಭಾರ ಮಾಡಿದೆ. ಗೆಂಡೆಗೆ ಭಾರ ತಿಳಿದು ಎರೆ ಉಗುಳತೊಡಗಿತು.

ಒಂದು ಸಂಜೆ ಹೀಗೆ ಹತ್ತು ಸಲವಾದರೂ ಎದ್ದು ಓಡಿದ್ದೆ. ಮತ್ತೆ ಬಾರಿಸಿದಾಗ ಪಾಚಿಯೇ ಇರಬೇಕೆಂದು ಕೂತೇ ಇದ್ದೆ. ಕೋಲು ಕವೆಯಿಂದ ಹಾರಿ ನೀರಿಗೆ ಬಿತ್ತು. ಮೊಣಕಾಲುದ್ದದ ನೀರಿಗೆ ಇಳಿದು ಹಿಡಿಯುವಷ್ಟರಲ್ಲಿ ದಾರ ಬಂಡೆಗೆ ಉಜ್ಜಿ ತುಂಡಾಗಿತ್ತು. ಮೀನು ತಪ್ಪಿದ್ದಕ್ಕೆ ಬೇಸರವಿರಲಿಲ್ಲ. ಬಾಯಲ್ಲಿ ಗಾಳ ಹೊತ್ತುಕೊಂಡೇ ಅದು ಹೋಯಿತಲ್ಲ ಎಂಬುದು ಇವತ್ತಿಗೂ ನೋಯಿಸುತ್ತದೆ.

ಆಮೇಲೆ ತಂದ ಬ್ಯಾಟರಿ ಅಲಾರಂನ ಕಥೆ ಚಿಕ್ಕದು. ದಾರ ಸರಿದರೆ ಅದು ಕೂಗುತ್ತದೆ. ಸೂಕ್ಷ್ಮ ಮಾಡಿದರೆ ಕಸಕ್ಕೆಲ್ಲ ಕೂಗಿತು, ತಗ್ಗಿಸಿದರೆ ಮೀನಿನ ಸಣ್ಣ ಮುಟ್ಟುವಿಕೆಗೆ ಸುಮ್ಮನಿತ್ತು.

ಮಡುವಿನ ಆಚೆ ದಡದಲ್ಲಿ ಕೂರುವ ಹಿರಿಯರೊಬ್ಬರು ಇದನ್ನೆಲ್ಲ ವಾರಗಟ್ಟಲೆ ನೋಡುತ್ತಿದ್ದರು. ಒಂದು ದಿನ ದಾಟಿ ಬಂದು, "ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ ಸ್ವಾಮಿ. ದಾರ ತೋರುಬೆರಳಿನ ಮೇಲೆ ಇರಲಿ, ಕಣ್ಣು ಕೋಲಿನ ತುದಿಯ ಮೇಲೆ ಇರಲಿ" ಎಂದರು. ಗಿಡ್ಡ ಕೋಲಿನ ತುದಿ ಹಟ್ಟಿ ಗೂಟದಷ್ಟು ಗಡುಸು, ನೋಡಿದರೂ ಏನೂ ಹೇಳುತ್ತಿರಲಿಲ್ಲ. ಹಾಗಾಗಿ 3,400 ರೂಪಾಯಿ ಕೊಟ್ಟು ಯಾರೋ ಬಳಸಿದ್ದ ಉದ್ದನೆಯ ಕೋಲು ಕೊಂಡೆ.

ಇಂಗ್ಲೆಂಡಿನ ಟ್ರೆಂಟ್, ಸೆವರ್ನ್, ವೈ ನದಿಗಳಲ್ಲಿ ಬಾರ್ಬೆಲ್ ಎಂಬ ಮೀನು ಹಿಡಿಯುವವರು ಬಳಸುವುದು ಇಂಥದ್ದನ್ನೇ: ಹನ್ನೊಂದು, ಹನ್ನೆರಡು ಅಡಿ, ಬಲ (ಅಂದರೆ ತುದಿಯನ್ನು ಲಂಬಕೋನಕ್ಕೆ ಬಾಗಿಸಲು ಬೇಕಾಗುವ ಭಾರ) ಒಂದೂವರೆಯಿಂದ ಒಂದೂಮುಕ್ಕಾಲು ಪೌಂಡ್. ಬಾರ್ಬೆಲ್ ನಮ್ಮ ಗೆಂಡೆಯ ಕುಲದ್ದೇ. ಎರಡು ಜೊತೆ ಮೀಸೆ, ಕೆಳಮುಖದ ಬಾಯಿ, ಹರಿವಿನ ತಳದಲ್ಲಿ ತಡಕಾಡಿ ಮೇಯುವ ಅಭ್ಯಾಸ. ಅಲ್ಲಿನ ಕೋಲು ಇಲ್ಲಿ ಒಗ್ಗಿದ್ದು ಅದರಿಂದಲೇ.

ಇದನ್ನು ಎತ್ತರಕ್ಕೆ ನಿಲ್ಲಿಸಿದರೆ ದಾರದ ಬಹುಪಾಲು ಗಾಳಿಯಲ್ಲಿರುತ್ತದೆ. 0.45 ಮಿಲಿಮೀಟರ್ ದಾರ ತೆಗೆದು 0.30ರದ್ದು ಸುತ್ತಿದ ಮೇಲೆ ಎಳೆತ ಇನ್ನೂ ಇಳಿಯಿತು. ಬಿಳಿ ಬಣ್ಣ ಹಚ್ಚಿದ ತುದಿ ಹರಿವಿಗೆ ಒಂದೇ ಲಯದಲ್ಲಿ ತಲೆಯಾಡಿಸುತ್ತಿರುತ್ತದೆ. ಪಾಚಿ ತಗುಲಿದರೆ ನಿಧಾನವಾಗಿ ಬಾಗಿ, ಕಳಚಿದಾಗ ಚಿಮ್ಮುತ್ತದೆ. ರಾಗಿಹಿಟ್ಟಿನ ಉಂಡೆಯನ್ನು ಗೆಂಡೆ ಮುಟ್ಟಿದರೆ ಟಕ್ ಟಕ್ ಎಂದು ಎರಡು ಸಣ್ಣ ಕುಟುಕು, ಬೆರಳಿಗೂ ಅದೇ ಗಳಿಗೆಯಲ್ಲಿ ತಿಳಿಯುತ್ತದೆ. ಆಗ ಎಳೆಯಬಾರದು. ಒಂದು ಉಸಿರು ತಡೆದರೆ ತುದಿ ಪೂರ್ತಿ ನೀರಿನತ್ತ ಬಾಗುತ್ತದೆ. ಗಂಟೆ ಎಂದೂ ಹೇಳದ ಇನ್ನೊಂದು ಸುದ್ದಿಯೂ ಇದೆ: ಮೀನು ಎರೆ ಹಿಡಿದು ನಮ್ಮತ್ತಲೇ ಬಂದರೆ ದಾರ ಸಡಿಲವಾಗುತ್ತದೆ. ಆಗ ಗಂಟೆ ಮೌನ. ಮೆತ್ತನೆಯ ತುದಿ ಮಾತ್ರ ನೆಟ್ಟಗಾಗುತ್ತದೆ. ಕಳೆದ ತಿಂಗಳು ಸಿಕ್ಕ ದೊಡ್ಡ ಗೆಂಡೆ ಹೀಗೆ ಬಂದದ್ದೇ.

ಕೊರತೆಗಳಿವೆ. ಬಸ್ಸಿನಲ್ಲಿ ಒಯ್ಯುವುದು ಕಷ್ಟ, ಜಾಲಿ ಮರಗಳ ಕೆಳಗೆ ಎಸೆಯಲು ಜಾಗ ಸಾಲದು. ಕೋಲನ್ನು ನೆಟ್ಟು ಹರಟೆಗೆ ಕೂರುವವರಿಗೆ, ಮೂರು ನಾಲ್ಕು ಗಾಳ ಒಟ್ಟಿಗೆ ಬಿಡುವವರಿಗೆ ಇದು ಬೇಡ. ನಾನು ಒಂದೇ ಗಾಳ ಹಾಕಿ, ಕತ್ತಲಾಗುವ ಮೊದಲು ಎದ್ದು ಬರುವವನು. ನನಗೆ ಇಷ್ಟು ಸಾಕು. ಹಣ ಬಿಗಿಯಿದ್ದರೆ ಅಲಾರಂ ಬಿಡಿ, ಆ ದುಡ್ಡನ್ನು ಕೋಲಿಗೆ ಸೇರಿಸಿ.

ಗಿಡ್ಡ ಕೋಲು ಈಗ ಮಗಳದು. ಭಾನುವಾರ ಕೆರೆಗೆ ಒಯ್ಯುತ್ತಾಳೆ. ನಿಂತ ನೀರಿನಲ್ಲಿ ಆ ಗಂಟೆ ಬಾರಿಸಿದರೆ ಮೀನೇ ಇರುತ್ತದೆ.